ಸೋರೆಬುರುಡೆಗೆ ಬಿದ್ದ ಹಲ್ಲು

ಜೆಸಾಂಗಳ ಹಲ್ಲು ಉದುರಿದಾಗ ಗಂಟೆ ಹನ್ನೊಂದು ಹತ್ತು. ಕೊಬಿಲೊಗೆ ಸಮಯ ಇಷ್ಟು ಕರಾರುವಾಕ್ಕಾಗಿ ಗೊತ್ತಾಗಲು ಕಾರಣ ಅವಳ ಫೋನು. ಅಕ್ಕನ ಮೆರವಣಿಗೆಯ ವಿಡಿಯೊ ತೆಗೆಯುತ್ತಿದ್ದಳು, ಪರದೆಯ ಮೂಲೆಯಲ್ಲಿ ಸಮಯ ಕೂತಿತ್ತು.

ಪಿಕಪ್ಪಿನ ತೆರೆದ ಹಿಂಭಾಗದಲ್ಲಿ ನಿಂತವರು ಮೂವರೇ. ಪೋಲೆಂಡಿನಲ್ಲಿ ಇಪ್ಪತ್ತೊಂದು ಕಿಲೋಮೀಟರು ಓಡಿ ಮೊದಲು ಬಂದ ಜೆಸಾಂಗ್, ಅವಳ ತಂಗಿ ಕೊಬಿಲೊ, ಮತ್ತು ಅಮ್ಮ ತೀರಿಕೊಂಡ ಮೇಲೆ ಇಬ್ಬರನ್ನೂ ಬೆಳೆಸಿದ ಅಜ್ಜಿ. ಅಜ್ಜಿಯನ್ನು ಮನೆಯವರಷ್ಟೇ ಅಲ್ಲ, ಊರಿಗೆ ಊರೇ ಕೋಗೊ ಅನ್ನುತ್ತದೆ. ಬೆಳಿಗ್ಗೆ ಎಲ್ಡೊರೆಟ್‌ನ ವಿಮಾನ ನಿಲ್ದಾಣದಲ್ಲಿ ಅಧಿಕಾರಿಗಳು ಒಂದು ಸೋರೆಬುರುಡೆಯಿಂದ ಜೆಸಾಂಗಳಿಗೆ ಮುರ್ಸಿಕ್, ಅಂದರೆ ಗೆದ್ದು ಬಂದವರಿಗೆ ಕೊಡುವ ಹುಳಿ ಹಾಲು, ಕುಡಿಸಿದ್ದರು. ಅದನ್ನು ಕೋಗೊ ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ.

"ಅದು ಆಫೀಸಿನವ್ರ ಮುರ್ಸಿಕ್ಕು. ಎರಡು ದಿನದ್ದು. ನೀರು," ಎಂದಿದ್ದಳು. "ನಂದು ಮೂರು ವಾರದ್ದು. ಇವಳು ವಿಮಾನ ಹತ್ತೋಕೆ ಮುಂಚೆನೇ ಹಾಕಿಟ್ಟಿದ್ದು."

"ಗೆಲ್ತಾಳೆ ಅಂತ ಆಗ್ಲೇ ಗೊತ್ತಿತ್ತಾ ಕೋಗೊ?" ಎಂದು ಕೇಳಿದ್ದಳು ಕೊಬಿಲೊ.

"ಸೋತಿದ್ರೆ ನಾನೇ ಕುಡೀತಿದ್ದೆ."

ಕೋಗೊಳ ಬುರುಡೆ ಅವಳ ತೋಳಿನಷ್ಟುದ್ದ, ಮುಟ್ಟಿದರೆ ಮರದ ಹಾಗೆ ಗಟ್ಟಿ. ಸುಟ್ಟ ಕೊಂಬೆಯ ಇದ್ದಿಲನ್ನು ಒಳಗೆಲ್ಲ ಉಜ್ಜಿ, ಹಾಲು ತುಂಬಿ, ಮುಚ್ಚಿಟ್ಟು, ಹುಳಿಯೇರಿ ಬೂದುಬಣ್ಣಕ್ಕೆ ತಿರುಗಿದ ಮುರ್ಸಿಕ್ ಅದರ ತುಂಬ ಇತ್ತು. ದೊಡ್ಡ ರಸ್ತೆಯ ಕೂಡಿನಿಂದ ಶಾಲೆಯ ಮೈದಾನದವರೆಗಿನ ಮಣ್ಣುರಸ್ತೆಯಲ್ಲಿ ಪಿಕಪ್ ಕುಂಟುತ್ತ ಬರುತ್ತಿರುವಾಗ, ಎರಡೂ ಕಡೆ ಹೆಂಗಸರು ಹಾಡುತ್ತ ಓಡುತ್ತಿರುವಾಗ, ಕೋಗೊ ಬುರುಡೆಯನ್ನು ಎರಡೂ ಕೈಯಲ್ಲಿ ಎತ್ತಿ ಮೊಮ್ಮಗಳ ಬಾಯಿಗೆ ಹಿಡಿದಳು. ಜೆಸಾಂಗ್ ಕಣ್ಣು ಮುಚ್ಚಿ ಕುಡಿಯತೊಡಗಿದಳು. ಕತ್ತಿನಲ್ಲಿ ಹಸಿರು ಬಳ್ಳಿಯ ಹಾರ. ಕೊಬಿಲೊ ಫೋನನ್ನು ಹತ್ತಿರ ತಂದಳು, ಇಂಥದ್ದು ಮತ್ತೆ ಸಿಗುತ್ತದೆಯೇ.

ಆಗ ಒಬ್ಬ ಬೈಕಿನವನು, ಹಿಂದೆ ಮೂರು ಜನರನ್ನು ಕೂರಿಸಿಕೊಂಡವನು, ಮುಂದಿನಿಂದ ಒಂದು ಸಲ ನೋಡೋಣವೆಂದು ಪಿಕಪ್ಪಿಗೆ ಅಡ್ಡ ಬಂದ. ಪಿಕಪ್ ಓಡಿಸುತ್ತಿದ್ದ ಚಿಕ್ಕಪ್ಪನ ಮಗ ಲಿಮೊ ಬ್ರೇಕ್ ಒತ್ತಿದ. ಮೂವರೂ ಮುಂದಕ್ಕೆ ಮುಗ್ಗರಿಸಿದರು. ಬುರುಡೆಯ ಅಂಚು ಜೆಸಾಂಗಳ ಮೇಲಿನ ಹಲ್ಲಿಗೆ ಬಡಿಯಿತು. ಆ ವಿಡಿಯೊದಲ್ಲಿ ಸದ್ದೂ ಕೇಳುತ್ತದೆ, ಹಾಡಿನ ನಡುವೆ ಬಾಗಿಲ ಚಿಲಕ ಬಿದ್ದ ಹಾಗೆ ಒಂದು ಸದ್ದು.

"ಕೆಮ್ಮಬೇಡ, ನುಂಗು," ಎಂದಳು ಕೋಗೊ, ಮುರ್ಸಿಕ್ ಗಂಟಲಿಗೆ ಸಿಕ್ಕಿಕೊಂಡಿದೆ ಅಂದುಕೊಂಡು.

ಜೆಸಾಂಗ್ ಕೆಮ್ಮಲಿಲ್ಲ. ಬುರುಡೆಯನ್ನು ಮೆಲ್ಲಗೆ ತಳ್ಳಿ ಬಾಯಿಗೆ ಕೈ ಹಿಡಿದು ತಂಗಿಯ ಕಡೆ ತಿರುಗಿದಳು. ಬೆರಳ ಸಂದಿಯಲ್ಲಿ ಬೂದಿಹಾಲು, ಅದರೊಳಗೆ ಕೆಂಪು.

"ಕೊಬಿ," ಎಂದಳು. "ಹಲ್ಲು."

ಕೈ ಸರಿಸಿದಾಗ ಮೇಲಿನ ಸಾಲಿನಲ್ಲಿ, ನಡುಮಧ್ಯೆ, ಬಾಗಿಲು ತೆರೆದಿತ್ತು. ಮುರಿದ ಚೂರೂ ಇಲ್ಲ. ಬೇರುಸಮೇತ ಹೋಗಿತ್ತು.

ಈಗ ಕೊಬಿಲೊಳ ವಿಷಯ. ಅವಳು ಹಲ್ಲಿನ ಆರೋಗ್ಯದ ಕೋರ್ಸಿನಲ್ಲಿ ಎರಡನೇ ವರ್ಷ. ಓದುವುದೆಲ್ಲ ಫೋನಿನಲ್ಲೇ, ಬರೆಯುವುದೂ ಅಲ್ಲೇ, ಪರೀಕ್ಷೆಯ ಹಿಂದಿನ ದಿನ ಚಾರ್ಜ್ ಮುಗಿದರೆ ಅಳುವುದೂ ಅದಕ್ಕೇ. ಮೂರು ವಾರದ ಹಿಂದೆ ಬರೆದ ಪರೀಕ್ಷೆಯಲ್ಲಿ ಇದೇ ಪ್ರಶ್ನೆ ಬಂದಿತ್ತು. ಶಾಶ್ವತ ಹಲ್ಲು ಬೇರುಸಮೇತ ಕಿತ್ತು ಬೀಳಲು ಕಾರಣಗಳೇನು, ಆಗ ತಕ್ಷಣ ಮಾಡಬೇಕಾದ್ದೇನು? ಕಾರಣಗಳನ್ನು ಅವಳು ಸರಾಗವಾಗಿ ಬರೆದಿದ್ದಳು: ಬೀಳುವುದು, ಆಟ, ಬೈಕು, ಹಸುವಿನ ಒದೆ, ಗುದ್ದಾಟ, ಬಾಟಲಿಯ ಮುಚ್ಚಳವನ್ನು ಹಲ್ಲಿನಲ್ಲಿ ತೆಗೆಯುವ ಗಂಡಸರು. ಗೆದ್ದು ಬಂದವರಿಗೆ ಹಾಲು ಕುಡಿಸುವುದು ಎಂಬ ಕಾರಣ ಯಾರ ಪಟ್ಟಿಯಲ್ಲೂ ಇರಲಿಲ್ಲ. ಮಾಡಬೇಕಾದ್ದನ್ನೂ ಬರೆದಿದ್ದಳು. ಹಲ್ಲನ್ನು ತಲೆಯ ಕಡೆಯಿಂದ ಹಿಡಿಯಬೇಕು, ಬೇರನ್ನು ಮುಟ್ಟಬಾರದು. ಒರೆಸಬಾರದು, ಉಜ್ಜಬಾರದು, ಒಣಗಲು ಬಿಡಬಾರದು. ಕೊಳೆಯಾಗಿದ್ದರೆ ಸುಮ್ಮನೆ ಒಂದು ಸಲ ತೊಳೆದು ಅದರ ಕುಳಿಯಲ್ಲೇ ಮತ್ತೆ ಕೂರಿಸಬೇಕು. ಆಗದಿದ್ದರೆ ತಣ್ಣನೆಯ ಹಸಿ ಹಾಲಿನಲ್ಲಿಟ್ಟುಕೊಂಡು ಡಾಕ್ಟರ ಹತ್ತಿರ ಓಡಬೇಕು. ಬೇರಿನ ಮೇಲೆ ಒಂದು ತೆಳ್ಳನೆಯ ಜೀವಂತ ಪೊರೆ ಇರುತ್ತದೆ, ಅದು ಬದುಕಿದರೆ ಹಲ್ಲು ಬದುಕುತ್ತದೆ. ಹದಿನೈದರಲ್ಲಿ ಹದಿನಾಲ್ಕು ಅಂಕ. ಅಕ್ಷರ ಕೆಟ್ಟದಾಗಿದ್ದಕ್ಕೆ ಒಂದು ಕಡಿತ.

ಅವಳು ಮಂಡಿಯೂರಿ ಪಿಕಪ್ಪಿನ ತಳವನ್ನೆಲ್ಲ ಹುಡುಕಿದಳು. ಜೆಸಾಂಗಳ ಬೂಟು, ಬಳ್ಳಿಯ ಎಲೆ, ಯಾರೋ ಎಸೆದ ಮಿಠಾಯಿ ಕಾಗದ. ಹಲ್ಲಿಲ್ಲ. ಎದ್ದು ಬುರುಡೆಯನ್ನು ನೋಡಿದಳು.

"ಕೋಗೊ, ಹಲ್ಲು ಅದ್ರೊಳಗೆ ಬಿದ್ದಿದೆ. ಕೊಡಿಲ್ಲಿ."

ಕೋಗೊ ಬುರುಡೆಯ ಬಾಯಿಗೆ ಕಣ್ಣಿಟ್ಟಳು. ಮೂರು ವಾರದ ಮುರ್ಸಿಕ್ಕಿನೊಳಗೆ ಏನು ಕಂಡೀತು. "ಇದ್ರೆ ಇದೆ. ಎಲ್ಲಿಗೂ ಹೋಗಲ್ಲ."

"ಈಗ್ಲೇ ತೆಗೀಬೇಕು. ಸುರಿದುಬಿಡಿ."

"ಎಲ್ಲಿಗೆ?"

"ಕೆಳಗೆ. ನೆಲಕ್ಕೆ. ಎಲ್ಲಿಗಾದ್ರೂ."

ಅಜ್ಜಿ ಅವಳನ್ನು ನೋಡಿದ ರೀತಿಯೇ ಬೇರೆ. ತೊಟ್ಟಿಲ ಮಗುವನ್ನು ಕಿಟಕಿಯಿಂದ ಆಚೆ ಎಸೆ ಅಂದವರನ್ನು ಹಾಗೆ ನೋಡುತ್ತಾರೆ. "ಹಾಲನ್ನ ನೆಲಕ್ಕಾ? ಇಷ್ಟು ಜನ್ರ ಮುಂದೆ? ಇವತ್ತು?" ಬುರುಡೆಯನ್ನು ಎದೆಗೆ ಒತ್ತಿಕೊಂಡಳು. "ಆ ಕಾಲೇಜಲ್ಲಿ ಇದೇನಾ ಕಲಿಸಿದ್ದು?"

"ಕೋಗೊ, ಹಲ್ಲು ಸಾಯತ್ತೆ."

"ಒಂದು ಹಲ್ಲಿಗೆ ಇಷ್ಟು ಹಾರಾಟ." ಕೋಗೊ ಕೆಳತುಟಿಯನ್ನು ಎಳೆದು ತೋರಿಸಿದಳು. ಕೆಳಗಿನ ಎರಡು ಮುಂದಿನ ಹಲ್ಲುಗಳ ಜಾಗ ಖಾಲಿ. ಅವಳ ಕಾಲದ ಹುಡುಗಿಯರಿಗೆಲ್ಲ ಮದುವೆಗೆ ಮುಂಚೆ ಕೀಳಿಸುತ್ತಿದ್ದ ಜೋಡಿ ಅದು. "ನಂದು ಎರಡು ಕಿತ್ರು, ಕಬ್ಬಿಣದ ಕಡ್ಡಿ ಹಾಕಿ. ರೆಪ್ಪೆ ಅಲುಗಿಸಲಿಲ್ಲ ನಾನು. ಅಲುಗಿಸಿದ್ರೆ ನಿಮ್ಮ ತಾತ ಕಟ್ಕೊಳ್ತಾನೂ ಇರಲಿಲ್ಲ."

"ಅದು ಕೆಳಗಿಂದು, ಕೋಗೊ," ಎಂದಳು ಜೆಸಾಂಗ್ ಕೈಯ ಹಿಂದಿನಿಂದ. "ಇದು ಮೇಲಿಂದು. ಮೇಲೆ ಕಿಂಡಿ ಇರೋರ್ನ ಯಾವತ್ತಾದ್ರೂ ನೋಡಿದೀರಾ?"

ಕೋಗೊ ಯೋಚಿಸಿದಳು. "ಕುಡುಕ್ರು," ಎಂದು ಒಪ್ಪಿಕೊಂಡಳು.

ಜೆಸಾಂಗ್ ನಗಲು ಹೋಗಿ ನೋವಿಗೆ ಮುಖ ಕಿವುಚಿದಳು. ಕತ್ತಿನ ಹಾರವನ್ನು ಮೇಲಕ್ಕೆಳೆದು ಎಲೆಗಳಿಂದ ಬಾಯಿ ಮುಚ್ಚಿಕೊಂಡು ತಂಗಿಯ ಕಿವಿಯಲ್ಲಿ ಹೇಳಿದಳು, "ನೀನು ನೋಡ್ಕೋ, ಕೊಬಿ. ನಂಗೇನೂ ಗೊತ್ತಾಗಲ್ಲ. ಈ ಹಲ್ಲು ನಂಗೆ ವಾಪಸ್ ಬೇಕು ಅಷ್ಟೆ."

ಇಪ್ಪತ್ತು ವರ್ಷದಲ್ಲಿ ಜೆಸಾಂಗ್ ತಂಗಿಯನ್ನು ಏನಾದರೂ ಕೇಳಿದ್ದು ಇದೇ ಮೊದಲು. ಆ ಊರಿನಲ್ಲಿ ಓಡದವರನ್ನು ಯಾರೂ ಏನೂ ಕೇಳುವುದಿಲ್ಲ. ಶಾಲೆಯಲ್ಲಿ ಕೊಬಿಲೊಳ ಓಟ ನೋಡಿದ ಕೋಚ್, ಇವಳು ಗಡಿಯಾರ ನೋಡಿಕೊಳ್ಳಲಿ ಅಂದಿದ್ದರು. ಅವಳೂ ನಾಲ್ಕು ವರ್ಷ ಗಡಿಯಾರ ಹಿಡಿದು ನಿಂತಿದ್ದಳು, ಅಕ್ಕ ಅದರ ಮುಂದೆ ಹಾದುಹೋಗುವುದನ್ನು ನೋಡುತ್ತ.

ಪಿಕಪ್ ಮೈದಾನಕ್ಕೆ ಬಂದಾಗ ಹನ್ನೊಂದು ಇಪ್ಪತ್ತೈದು. ಶಾಮಿಯಾನ, ಬಿಳಿ ಪ್ಲಾಸ್ಟಿಕ್ ಕುರ್ಚಿ, ಕಿರುಚುವ ಮೈಕು. ಓಟದ ಸಮಿತಿಯ ಚೇರ್ಮನ್ ಟಾಲಮ್ ಎರಡೂ ಕೈ ಚಾಚಿಕೊಂಡು ಬಂದರು. ಊರಿನ ಯಾವ ಹುಡುಗಿ ಎಲ್ಲಿ ಗೆದ್ದರೂ ಅವಳನ್ನು ಕಂಡುಹಿಡಿದದ್ದು ಇವರೇ.

"ಬಾರಮ್ಮ ನಮ್ಮ ಚಿರತೆ. ಯಾಕೆ ಮುಖ ಮುಚ್ಕೊಂಡಿದೀಯ? ನಾಚಿಕೆನಾ?"

ಕೊಬಿಲೊ ಅವರನ್ನು ಪಕ್ಕಕ್ಕೆ ಕರೆದು ಹೇಳಿದಳು. ಅವರು ಬಗ್ಗಿ ಜೆಸಾಂಗಳ ಬಾಯಿ ನೋಡಿದರು, ಬುರುಡೆ ನೋಡಿದರು, ಆಮೇಲೆ ಶಾಮಿಯಾನದ ಕೆಳಗೆ ಕಾದು ಕೂತ ಐನೂರು ಜನರನ್ನು ನೋಡಿದರು. ಪೇಪರಿನವರು ಇಬ್ಬರು ಬಂದಿದ್ದರು. ಪಾದ್ರಿ ಆಗಲೇ ಎದ್ದು ನಿಂತಿದ್ದರು.

"ನೀನು ಆ ಹಲ್ಲಿನ ಕಾಲೇಜಲ್ಲಿ ಓದ್ತಿದೀಯಲ್ವಾ?"

"ಹೌದು ಸರ್."

"ಹಂಗಾದ್ರೆ ನಮ್ಮ ಡಾಕ್ಟ್ರಮ್ಮ ನೀನೇ." ಅವರು ಅದನ್ನು ಜೋರಾಗಿಯೇ ಹೇಳಿದರು. ಹತ್ತಿರ ನಿಂತ ಹೆಂಗಸರು ತಿರುಗಿ ಕೊಬಿಲೊಳನ್ನು ನೋಡಿದರು, ಇವಳು ಯಾವಾಗಿನಿಂದ ಇಲ್ಲಿದ್ದಾಳೆ ಎಂಬ ಹಾಗೆ. ಒಬ್ಬಳು ಸ್ವಲ್ಪ ಸರಿದು ಜಾಗವನ್ನೂ ಕೊಟ್ಟಳು. "ಹೇಳು ಡಾಕ್ಟ್ರಮ್ಮ. ಈ ಹಲ್ಲು ಎಷ್ಟು ಹೊತ್ತು ತಡಿಯತ್ತೆ?"

ಉತ್ತರ ಕೊಬಿಲೊಳ ನಾಲಿಗೆಯ ತುದಿಯಲ್ಲೇ ಇತ್ತು. ಒಂದು ನಿಮಿಷವೂ ಇಲ್ಲ, ಸರ್. ಮೊದಲ ಕಾಲು ಗಂಟೆಯಲ್ಲಿ ಕೂರಿಸಿದರೆ ಉಂಟು, ಆ ಕಾಲು ಗಂಟೆ ಆಗಲೇ ಮುಗಿದಿದೆ. ಈ ಬುರುಡೆಯನ್ನು ಈಗ ನನ್ನ ಕೈಗೆ ಕೊಡಿ. ಅಷ್ಟು ಹೇಳಲು ಹತ್ತು ಸೆಕೆಂಡು ಸಾಕು. ಚೇರ್ಮನ್ ಮುಖದಲ್ಲಿ ನಗು ಇತ್ತು, ಆ ನಗು ಅವಳ ಕಡೆಗೇ ತಿರುಗಿತ್ತು. ಅವರಿಗೆ ಬೇಕಾದ ಉತ್ತರ ಯಾವುದು ಅಂತ ಅವಳಿಗೆ ಗೊತ್ತಿತ್ತು. ಆ ಉತ್ತರವೂ ಪುಸ್ತಕದಲ್ಲಿತ್ತು, ಕೊನೆಯ ಸಾಲಿನಲ್ಲಿ.

"ಪುಸ್ತಕದಲ್ಲಿ ಒಂದು ಗಂಟೆ ಅಂತ ಇದೆ, ಸರ್," ಎಂದಳು.

"ಒಂದು ಗಂಟೆ." ಅವರು ಗಡಿಯಾರ ನೋಡಿಕೊಂಡರು. "ನಾನು ಇಪ್ಪತ್ತು ನಿಮಿಷದಲ್ಲಿ ಎಲ್ಲ ಮುಗಿಸ್ತೀನಿ. ಹಲ್ಲು ಹಾಲಲ್ಲೇ ಇದೆಯಲ್ವಾ, ಆರಾಮಾಗಿ ಇರತ್ತೆ. ನೋಡಮ್ಮ ಜೆಸಾಂಗ್, ಡಾಕ್ಟ್ರಮ್ಮನೇ ಹೇಳಿದ್ಳು."

ಜೆಸಾಂಗ್ ತಂಗಿಯ ಕಡೆ ನೋಡಿದಳು. ಕೊಬಿಲೊ ಹೌದೆಂದು ತಲೆಯಾಡಿಸಿದಳು. ಅಷ್ಟಾದ ಮೇಲೆ ಜೆಸಾಂಗ್ ವೇದಿಕೆಗೆ ಹೋಗಿ, ಬಾಯಿ ಬಿಗಿದು, ಎಲೆಗಳ ಹಿಂದೆ ಕೂತಳು.

ಪ್ರಾರ್ಥನೆ ಶುರುವಾಯಿತು. ಎಲ್ಲರೂ ಕಣ್ಣು ಮುಚ್ಚಿದಾಗ ಕೊಬಿಲೊ ಅಜ್ಜಿಯ ಪಕ್ಕಕ್ಕೆ ನುಸುಳಿದಳು. ಇನ್ನೊಂದು ವಿಷಯ ಹೇಳಬೇಕಿತ್ತು.

"ಕೋಗೊ, ಇದು ಹುಳಿ ಹಾಲು. ಹಲ್ಲಿಗೆ ಹುಳಿ ಆಗಲ್ಲ. ಹಸಿ ಹಾಲು ಬೇಕು, ಈಗ ಕರೆದಿದ್ದು."

ಕೋಗೊ ಒಂದು ಕಣ್ಣು ತೆರೆದಳು. "ಕ್ರಿಸ್ಮಸ್‌ಗೆ ಬಂದಾಗ ನೀನೇ ಅಲ್ವಾ ಹೇಳಿದ್ದು? ಹಲ್ಲು ಬಿದ್ರೆ ಹಾಲಿಗೆ ಹಾಕಿ ಅಂತ. ಎಲ್ಲರ್ನೂ ಕೂರಿಸಿ ಹೇಳಿದ್ದೆ. ನಾನು ಮರ್ತಿಲ್ಲ."

"ಹೇಳಿದ್ದೆ. ಆದ್ರೆ ಅದು ಬೇರೆ ಹಾಲು."

"ಹಸಿ ಹಾಲು ಕರುಗೆ. ಟೀಗೆ. ಗೆದ್ದು ಬಂದವ್ಳ ಹಲ್ಲಿಗೆ ಟೀ ಹಾಲು ಹಾಕ್ತಾರಾ? ಮನೇಲಿರೋದ್ರಲ್ಲಿ ಒಳ್ಳೇದನ್ನ ಹಾಕ್ತಾರೆ."

"ಕೋಗೊ, ಹುಳಿ ಆ ಬೇರಿನ ಮೇಲಿರೋ ಪೊರೆನ ಕೊಲ್ಲತ್ತೆ."

"ಎಂಬತ್ತು ವರ್ಷದಿಂದ ಕುಡೀತಿದೀನಿ. ನನ್ನ ಯಾವ ಪೊರೆ ಸತ್ತಿದೆ ಹೇಳು." ಪಾದ್ರಿ ಆಮೆನ್ ಅಂದರು. ಕೋಗೊ ಇನ್ನೊಂದು ಕಣ್ಣನ್ನೂ ತೆರೆದಳು. "ಬಾಯಿ ಮುಚ್ಚು, ನೋಡ್ತಿದಾರೆ."

ಬುರುಡೆ ಕೋಗೊಳ ಕೈಯಿಂದ ಹೋಯಿತು. ಮೊದಲ ಸಾಲಿನಲ್ಲಿ ಕೂತ ಹಿರಿಯರ ಕೈಗೆ, ವಯಸ್ಸಿನ ಪ್ರಕಾರ, ಒಬ್ಬರಿಂದ ಒಬ್ಬರಿಗೆ. ಒಬ್ಬೊಬ್ಬರೂ ಒಂದೊಂದು ಗುಟುಕು ಕುಡಿದು, ಜೆಸಾಂಗಳ ಹೆಸರಿನಲ್ಲಿ ಒಂದೊಂದು ಮಾತು ಹೇಳಿದರು. ಒಬ್ಬೊಬ್ಬರ ಮಾತೂ ಅವರ ಹಸುವಿನಿಂದ ಶುರುವಾಗಿ ಅವರ ಮಗನಲ್ಲಿ ಮುಗಿಯುತ್ತಿತ್ತು. ಮೂರನೆಯವರು ಕುಡಿಯುವಾಗ ಕೊಬಿಲೊ ಎರಡು ಹೆಜ್ಜೆ ಮುಂದೆ ಹೋದಳು. ಇಪ್ಪತ್ತರ ಹುಡುಗಿ ಹಿರಿಯರ ಸಾಲಿನ ಮುಂದೆ ನಿಂತಿದ್ದನ್ನು ಕಂಡು ಇಡೀ ಶಾಮಿಯಾನ ಅವಳತ್ತ ನೋಡಿತು. ಕುಡಿಯುತ್ತಿದ್ದ ಆ ಮುದುಕರು ಬುರುಡೆಯ ಮೇಲಿಂದ ಕೇಳಿದರು, "ಏನಮ್ಮ, ಬಾಯಾರಿಕೆನಾ?" ಎಲ್ಲರೂ ನಕ್ಕರು. ಕೊಬಿಲೊ ತಾನೂ ನಕ್ಕು ಹಿಂದೆ ಬಂದಳು. ಆ ನಗುವನ್ನು ನೆನೆದರೆ ಅವಳಿಗೆ ಈಗಲೂ ಕಿವಿ ಬಿಸಿಯಾಗುತ್ತದೆ.

ಹನ್ನೊಂದು ಐವತ್ತು. ಮೈಕು ಚೇರ್ಮನ್ ಕೈಗೆ ಬಂತು. ಅವರು ಸಾವಿರದ ಒಂಬೈನೂರ ಎಂಬತ್ತೇಳರಿಂದ ಶುರು ಮಾಡಿದರು.

ಸರಿ, ಹಸಿ ಹಾಲನ್ನಾದರೂ ತಂದಿಟ್ಟುಕೊಳ್ಳೋಣ, ಹಲ್ಲು ಸಿಕ್ಕ ಕೂಡಲೇ ಹಾಕಲು, ಎಂದು ಕೊಬಿಲೊ ಅಡುಗೆಯ ಕಡೆ ಓಡಿದಳು. ಮೂರು ದೊಡ್ಡ ಹಂಡೆಗಳಲ್ಲಿ ಟೀ ಕುದಿಯುತ್ತಿತ್ತು.

"ಅತ್ತೆ, ಒಂದು ಲೋಟ ಹಸಿ ಹಾಲು ಕೊಡಿ."

"ಎಲ್ಲಿದೆ ಮಗಳೆ? ಊರಿನ ಅಷ್ಟೂ ಹಾಲು ಇದರಲ್ಲಿದೆ," ಎಂದು ಸೌಟಿನವಳು ಹಂಡೆ ತೋರಿಸಿದಳು. "ಟೀ ಕುಡಿ. ಶುಂಠಿ ಹಾಕಿದೀನಿ."

"ಟೀ ಬೇಡ. ಹಾಲೇ ಬೇಕು."

"ಇದರಲ್ಲಿ ಹಾಲೇ ಜಾಸ್ತಿ."

ಮುನ್ನೂರು ಹಸುಗಳ ಊರಿನಲ್ಲಿ ಒಂದು ಲೋಟ ಹಸಿ ಹಾಲಿಲ್ಲ. ಕೊಬಿಲೊ ಬೇಲಿ ಹಾರಿ, ಹೊಲ ದಾಟಿ, ಕಣಿವೆಯಂಚಿನ ಒಂದು ಮನೆಗೆ ಓಡಿದಳು. ಓಡಿದಳು ಅಂದರೆ ಅವಳ ಓಟ ಗೊತ್ತಲ್ಲ. ಪಕ್ಕೆ ಹಿಡಿದುಕೊಂಡು, ನಡುವೆ ನಿಂತು, ಮತ್ತೆ ಓಡಿ. ಅಕ್ಕನಾಗಿದ್ದರೆ ನಾಲ್ಕು ನಿಮಿಷ. ಇವಳಿಗೆ ಹದಿಮೂರು. ಸಮಾರಂಭಕ್ಕೆ ಹೋಗದೆ ಮನೆಯಲ್ಲೇ ಉಳಿದಿದ್ದ ಟಬುತಾನಿ ಎಂಬ ಹೆಂಗಸು ಬಾಗಿಲಲ್ಲಿ ಕೂತು ಜೋಳ ಬಿಡಿಸುತ್ತಿದ್ದಳು.

"ಮಧ್ಯಾಹ್ನ ಹಾಲಾ? ಹಸು ಏನು ನಲ್ಲಿನಾ?"

"ಒಂದು ಹನಿ ಆದ್ರೂ ಸಾಕು. ಜೆಸಾಂಗ್ ಹಲ್ಲು ಬಿದ್ದೋಗಿದೆ."

"ಅಯ್ಯೋ, ಹೊಡೆದ್ರಾ?"

"ಇಲ್ಲ. ಮರ್ಯಾದೆ ಮಾಡಿದ್ರು."

ಟಬುತಾನಿ ಹೆಚ್ಚು ಕೇಳಲಿಲ್ಲ. ಒಳ್ಳೆಯ ಹೆಂಗಸು. ಕರು ಬಿಟ್ಟು, ಹಸುವಿಗೆ ಹಾಡು ಹೇಳಿ, ಹೊತ್ತಲ್ಲದ ಹೊತ್ತಿನಲ್ಲಿ ಅರ್ಧ ಲೋಟ ಕರೆದು, ಲೋಟವನ್ನು ಬಾವಿಯ ನೀರಿನಲ್ಲಿ ಆರಿಸಿ ಕೊಟ್ಟಳು. ಕೊಬಿಲೊ ಅದನ್ನು ಅಂಗೈಯಿಂದ ಮುಚ್ಚಿಕೊಂಡು ಚೆಲ್ಲದ ಹಾಗೆ ವಾಪಸು ಬರುವಾಗ ಮೈಕಿನಲ್ಲಿ ಚೇರ್ಮನ್ ಎರಡು ಸಾವಿರದ ಒಂಬತ್ತಕ್ಕೆ ತಲುಪಿದ್ದರು. ಹನ್ನೆರಡು ಮೂವತ್ತೈದು. ಒಂದು ಗಂಟೆ ಮುಗಿದು ಇಪ್ಪತ್ತೈದು ನಿಮಿಷ ಆಗಿತ್ತು.

ಶಾಮಿಯಾನದ ಹಿಂದೆ ಕೋಗೊ ಒಂದು ಕಲ್ಲಿನ ಮೇಲೆ ಕೂತಿದ್ದಳು. ಬುರುಡೆ ಪಕ್ಕದಲ್ಲಿ ಮಲಗಿತ್ತು. ಮುಂದೆ ಅಗಲವಾದ ಬೋಗುಣಿ, ಅದರಲ್ಲಿ ಕೊನೆಯ ಮುರ್ಸಿಕ್ಕು. ಕೋಗೊಳ ಮುಖದಲ್ಲಿ ಬೆಳಗಿನಿಂದ ಇರದಿದ್ದ ಸಂತೋಷ.

"ಸಿಕ್ತು ಕಣೇ. ಹಿರಿಯರೆಲ್ಲ ಕುಡಿದಾದ್ಮೇಲೆ ಬೋಗುಣಿಗೆ ಸುರಿದೆ. ತಳದಲ್ಲಿ ಕೂತಿತ್ತು, ಕಳ್ಳ."

ಕೊಬಿಲೊ ಲೋಟ ಮುಂದೆ ಚಾಚಿದಳು. "ಕೊಡಿ, ಬೇಗ. ಇದರಲ್ಲಿ ಹಾಕಿ. ಮೇಲಿನ ಭಾಗ ಹಿಡ್ಕೊಳಿ."

"ತಡಿ, ತಡಿ. ಇದ್ದಿಲು ಹತ್ತಿ ಕರ್ರಗಾಗಿತ್ತು. ಹಂಗೇ ಕೊಡೋಕಾಗತ್ತಾ?" ಕೋಗೊ ಮುಷ್ಟಿ ಬಿಚ್ಚಿದಳು. ಇನ್ನೊಂದು ಕೈಯಲ್ಲಿ ಬುರುಡೆ ತೊಳೆಯುವ ಈಚಲಿನ ಕುಂಚ. ಗಟ್ಟಿ ನಾರಿನ ಆ ಕುಂಚದಲ್ಲಿ ಉಜ್ಜಿದರೆ ವರ್ಷದ ಇದ್ದಿಲೂ ಬಿಡುತ್ತದೆ. "ಮೊದಲು ಬೂದಿ ಹಾಕಿ ಉಜ್ಜಿದೆ. ಆಮೇಲೆ ನೀರು. ಬೇರಲ್ಲಿ ಏನೋ ಲೋಳೆ ಲೋಳೆ ಇತ್ತು ನೋಡು, ಅದು ಬಿಡೋದೇ ಕಷ್ಟ ಆಯ್ತು. ನೋಡೀಗ."

ಅಂಗೈಯಲ್ಲಿ ಹಲ್ಲು ಇತ್ತು. ತಲೆಯಿಂದ ಬೇರಿನ ತುದಿಯವರೆಗೂ ಬೆಳ್ಳಗೆ, ಒಣಗಿ, ಹೊಳೆಯುತ್ತಿತ್ತು. ಕೊಬಿಲೊಳ ಕಾಲೇಜಿನ ಗಾಜಿನ ಬೀರುವಿನಲ್ಲಿ ಇಂಥ ಬೆಳ್ಳನೆಯ ಹಲ್ಲುಗಳು ಸಾಲಾಗಿವೆ. ಅವೆಲ್ಲ ಸತ್ತವರವು.

ಕೊಬಿಲೊ ಚಾಚಿದ ಲೋಟವನ್ನು ಹಿಂದಕ್ಕೆ ತಂದಳು. ಕೋಗೊ ಕುಂಚ ಕೆಳಗಿಟ್ಟಳು.

"ಏನಾಯ್ತು? ಇನ್ನೂ ಕೊಳೆ ಇದೆಯಾ?"

"ಬೋಗುಣಿಗೆ ಸುರಿದ್ರಾ?" ಎಂದಳು ಕೊಬಿಲೊ. ಬೇರೆಲ್ಲ ಬಿಟ್ಟು ಅವಳ ಬಾಯಿಗೆ ಬಂದದ್ದು ಅದು. "ಸುರಿಯಲ್ಲ ಅಂದಿದ್ರಲ್ಲ."

"ನೆಲಕ್ಕೆ ಸುರಿಯಲ್ಲ ಅಂದೆ. ಬೋಗುಣಿಗೆ ಸುರಿ ಅಂದಿದ್ರೆ ಆಗ್ಲೇ ಸುರಿತಿದ್ದೆ. ಪಿಕಪ್ಪಲ್ಲೇ ಒಂದು ಬಕೆಟ್ ಇತ್ತು." ಕೋಗೊ ಮೊಮ್ಮಗಳ ಮುಖವನ್ನೇ ನೋಡುತ್ತಿದ್ದಳು, ಈಗ ಸ್ವಲ್ಪ ಹೆದರಿಕೆಯಿಂದ. "ನೀನು ನೆಲಕ್ಕೆ ಅಂದೆ, ಕೊಬಿ. ಬೋಗುಣಿ ಅಂತ ಹೇಳಲೇ ಇಲ್ಲ. ನಾನು ತಪ್ಪು ಮಾಡಿದ್ನಾ?"

ಕೊಬಿಲೊ ಹಲ್ಲನ್ನು ತಲೆಯ ಕಡೆಯಿಂದ, ಎರಡೇ ಬೆರಳಲ್ಲಿ, ಪುಸ್ತಕದಲ್ಲಿ ಹೇಳಿದ ಹಾಗೆಯೇ ಹಿಡಿದು ಹಸಿ ಹಾಲಿಗೆ ಹಾಕಿದಳು. ಇದಕ್ಕೂ ಅಂಕ ಇರುತ್ತದೆ.

"ಇಲ್ಲ ಕೋಗೊ," ಎಂದಳು. "ಚೆನ್ನಾಗಿ ತೊಳೆದಿದೀರ."

ಆಮೇಲೂ ಹೊರಡಲು ಕಾಲು ಗಂಟೆ ಹಿಡಿಯಿತು. ಫೋಟೊ ಆಗಬೇಕಿತ್ತು. ಪೇಪರಿನವನು ಜೆಸಾಂಗಳನ್ನು ಬೇಡಿಕೊಳ್ಳುತ್ತಿದ್ದ, "ಒಂದು ಸಲ ನಗಮ್ಮ, ಗೆದ್ದಿದೀಯ, ಯಾರೋ ಸತ್ತ ಹಾಗೆ ಕೂತಿದೀಯಲ್ಲ." ಜೆಸಾಂಗ್ ತುಟಿ ಬಿಡಿಸಲಿಲ್ಲ. ಮರುದಿನ ಆ ಫೋಟೊ ಅಚ್ಚಾಯಿತು. ವಿನಯವಂತ ವಿಜೇತೆ ಎಂದು ಕೆಳಗೆ ಬರೆದಿದ್ದರು.

ಪಿಕಪ್ಪಿನಲ್ಲಿ, ಈಗ ಲಿಮೊನ ಪಕ್ಕದ ಸೀಟಿನಲ್ಲಿ, ಅಕ್ಕತಂಗಿಯರಿಬ್ಬರೂ ಒತ್ತಿಕೊಂಡು ಕೂತರು. ಲಿಮೊ ಬಾಯಿಬಿಟ್ಟರೆ ಬೈಕಿನವನನ್ನು ಬೈಯುತ್ತಿದ್ದ. "ನನ್ನ ಬ್ರೇಕು ಚೆನ್ನಾಗಿರೋದೇ ತಪ್ಪಾಗೋಯ್ತು," ಎಂದು ಮೂರು ಸಲ ಹೇಳಿದ. ಕೊಬಿಲೊ ಲೋಟವನ್ನು ತೊಡೆಗಳ ನಡುವೆ ಇಟ್ಟುಕೊಂಡಿದ್ದಳು. ಗುಂಡಿ ಬಂದಾಗಲೆಲ್ಲ ಹಾಲು ಬೆರಳಿಗೆ ಬಡಿಯುತ್ತಿತ್ತು.

"ನೋವಿದೆಯಾ?"

"ಗಾಳಿ ಹೋದ್ರೆ." ಜೆಸಾಂಗ್ ಕಿಟಕಿಯ ಕಡೆ ತಿರುಗಿದ್ದಳು. "ಪ್ರಾಕ್ಟೀಸಿಗೆ ಮೂವತ್ತು ಕಿಲೋಮೀಟರ್ ಓಡೋವಾಗ ಬಾಯಲ್ಲೇ ಉಸಿರು ತಗೋಬೇಕು. ಅಲ್ಲಿಗೇ ಬಡಿಯತ್ತೆ ಗಾಳಿ," ಎಂದಳು. ಆಮೇಲೆ ಲೋಟವನ್ನು ಬಗ್ಗಿ ನೋಡಿದಳು. "ಬೆಳ್ಳಗಿದೆ ಅಲ್ವಾ? ಅಲ್ಲಿರುವಾಗ ಇಷ್ಟು ಬೆಳ್ಳಗಿತ್ತು ಅಂತ ಗೊತ್ತೇ ಇರಲಿಲ್ಲ ನಂಗೆ. ಕೂರತ್ತಲ್ವಾ ಕೊಬಿ?"

"ಕೂರತ್ತೆ."

ಅದು ಸುಳ್ಳಲ್ಲ. ಕೂರುತ್ತದೆ. ಬೇಲಿಯಲ್ಲಿ ಒಣಗೂಟವೂ ಕೂರುತ್ತದೆ.

ಪಟ್ಟಣದ ಹಲ್ಲಿನ ಆಸ್ಪತ್ರೆಗೆ ಬಂದಾಗ ಒಂದು ನಲವತ್ತು. ಡಾಕ್ಟರ್ ಓಗಲ್ ದೊಡ್ಡ ಸರೋವರದ ಸೀಮೆಯಿಂದ ಬಂದ ಮನುಷ್ಯ, ದಪ್ಪಗೆ, ನಿಧಾನದ ಮಾತು. ಜೆಸಾಂಗಳನ್ನು ಗುರುತಿಸಿ ಕೈ ಕುಲುಕಿದರು. ಕೊಬಿಲೊ ಬಾಗಿಲ ಪಕ್ಕ ನಿಂತು ಜಾಕೆಟ್ಟಿನ ಜಿಪ್ಪನ್ನು ಕತ್ತಿನವರೆಗೂ ಎಳೆದುಕೊಂಡಿದ್ದಳು. ಒಳಗಿನ ಅಂಗಿಯ ಮೇಲೆ ಕಾಲೇಜಿನ ಹೆಸರಿತ್ತು.

ಡಾಕ್ಟರು ಹಲ್ಲನ್ನು ಹಾಲಿನಿಂದ ಎತ್ತಿ ದೀಪಕ್ಕೆ ಹಿಡಿದರು. ತಿರುಗಿಸಿದರು. ಬೇರಿನ ಮೇಲೆ ಅವರ ಕಣ್ಣು ಬಹಳ ಹೊತ್ತು ನಿಂತಿತು.

"ಇದನ್ನ ಯಾರೋ ಉಜ್ಜಿದಾರೆ."

"ನಮ್ಮಜ್ಜಿ," ಎಂದಳು ಜೆಸಾಂಗ್. "ಬುರುಡೆ ತೊಳೆಯೋ ಕುಂಚದಲ್ಲಿ."

"ಬಿದ್ದು ಎಷ್ಟು ಹೊತ್ತಾಯ್ತು?"

"ಎರಡೂವರೆ ಗಂಟೆ."

"ಅಷ್ಟು ಹೊತ್ತೂ ಈ ಹಾಲಲ್ಲೇ ಇತ್ತಾ?"

"ಮೊದಲು ಮುರ್ಸಿಕ್ಕಲ್ಲಿ ಇತ್ತು."

ಡಾಕ್ಟರು ಮೂಗಿನಿಂದ ಒಂದು ಉದ್ದನೆಯ ಉಸಿರು ಬಿಟ್ಟರು. ಬೈಯುವ ಜನ ಅಲ್ಲ ಅವರು. "ಕೂರಿಸ್ತೀನಿ ಮಗಳೆ. ಪಕ್ಕದ ಹಲ್ಲುಗಳಿಗೆ ತಂತಿ ಕಟ್ಟಿ ನಿಲ್ಲಿಸ್ತೀನಿ. ನೋಡೋಕೆ ಹಲ್ಲೇ. ಆದ್ರೆ ಇದು ಮತ್ತೆ ಹಿಡ್ಕೊಳಲ್ಲ. ದವಡೆಯ ಮೂಳೆ ಇದರ ಬೇರನ್ನ ಮೆಲ್ಲಗೆ ತಿಂದು ಹಾಕತ್ತೆ. ಮೂರು ವರ್ಷ ಇರಬಹುದು, ಐದು ಇರಬಹುದು. ಒಂದಿನ ರೊಟ್ಟಿ ಕಚ್ಚೋವಾಗ ಬಂದುಬಿಡತ್ತೆ. ಅಷ್ಟರಲ್ಲಿ ಬೇರೇದಕ್ಕೆ ತಯಾರಿ ಮಾಡ್ಕೋ."

ಜೆಸಾಂಗ್ ಅದನ್ನು ಓಟದ ಸಮಯ ಕೇಳಿಸಿಕೊಳ್ಳುವ ಹಾಗೆ ಕೇಳಿಸಿಕೊಂಡಳು, ಮುಖದಲ್ಲಿ ಏನೂ ಇಲ್ಲದೆ. "ಬಿದ್ದ ತಕ್ಷಣ ಕೂರಿಸಿದ್ರೆ?"

"ಹತ್ತು ಹದಿನೈದು ನಿಮಿಷದಲ್ಲಿ ನೀವೇ ಒತ್ತಿ ಕೂರಿಸಿದ್ರೆ, ಮುದುಕಿ ಆಗೋವರೆಗೂ ಇರೋ ಸಾಧ್ಯತೆ ಇತ್ತು. ಅದೇನು ದೊಡ್ಡ ವಿದ್ಯೆ ಅಲ್ಲ. ಸ್ಕೂಲ್ ಮಕ್ಕಳಿಗೂ ಹೇಳ್ಕೊಡ್ತೀವಿ." ಅವರು ಪೆನ್ನು ತೆಗೆದುಕೊಂಡು ಚೀಟಿ ಎಳೆದುಕೊಂಡರು. "ಅಲ್ಲಿ ಇದು ಗೊತ್ತಿರೋರು ಯಾರೂ ಇರಲಿಲ್ವಾ?"

ಕೊಬಿಲೊ ಬಾಯಿ ತೆರೆದಳು. ಈ ಸಲ ಹೇಳಿಬಿಡಬೇಕು ಎಂದೇ ತೆರೆದಳು.

"ಇಲ್ಲ ಡಾಕ್ಟ್ರೇ," ಎಂದಳು ಜೆಸಾಂಗ್, ತಂಗಿಯ ಕಡೆ ತಿರುಗದೆ. "ಯಾರೂ ಇರಲಿಲ್ಲ."

ಡಾಕ್ಟರು ಅದನ್ನು ಬರೆದುಕೊಂಡರು. ಜೆಸಾಂಗ್ ಕುರ್ಚಿಯಲ್ಲಿ ಒರಗಿ ಬಾಯಿ ತೆರೆದಳು. ನರ್ಸ್ ಊಟಕ್ಕೆ ಹೋಗಿದ್ದಳು.

"ನೀನು ತಂಗಿನಾ? ಬಾ, ಸ್ವಲ್ಪ ಆ ದೀಪ ಹಿಡ್ಕೋ," ಎಂದರು ಡಾಕ್ಟರು. "ಏನೂ ಮುಟ್ಟಬೇಡ. ಸುಮ್ನೆ ಹಿಡ್ಕೊಂಡಿರು, ಅಷ್ಟೆ."

ಕೊಬಿಲೊ ಹೋಗಿ ಹಿಡಿದುಕೊಂಡಳು.